ಲಕೋಟೆಯೊಳಗಿನ ನಡೆ

ಒಂದು ಕಡೆ ಕೂರುವ ಜಾಯಮಾನ ನನ್ನದಲ್ಲ. ಚೆಸ್ ಆಡುವವಳು ಹೀಗೆ ಹೇಳಿದರೆ ಜನ ನಗುತ್ತಾರೆ, ನಗಲಿ. ನನ್ನ ನಡೆ ಆಡಿ ಗಡಿಯಾರದ ಗುಂಡಿ ಒತ್ತಿದ ಕೂಡಲೇ ಎದ್ದು, ನೀರು ಕುಡಿದು, ಕಿಟಕಿಯ ಹತ್ತಿರ ಹೋಗಿ, ಬಂದು ಕೂತು, ಮತ್ತೆ ಏಳುವವಳು ನಾನು. ಐದು ಗಂಟೆಯ ಆಟ ಮುಗಿಯುವಷ್ಟರಲ್ಲಿ ನಮ್ಮ ಮನೆಯಿರುವ ಮಂಗೋರ್ ಹಿಲ್ಲಿನಿಂದ ವಾಸ್ಕೋ ಸ್ಟೇಶನ್ನಿಗೆ ಹೋಗಿ ಬರುವಷ್ಟು ನಡೆದಿರುತ್ತೇನೆ ಎಂದು ನನ್ನ ಗಂಡ ಚಾಷ್ಟಿ ಮಾಡುತ್ತಾನೆ. ಅಂಥವಳ ಫೋನನ್ನೂ ಕಿತ್ತುಕೊಂಡು, ಕಲಂಗುಟ್‌ನ ಒಂದು ಹೋಟೆಲಿನಲ್ಲಿ ಒಂದೇ ಆಟಕ್ಕೆ ಎರಡು ದಿನ ಕಟ್ಟಿಹಾಕಿದರು.

ಅದು ರಾಜ್ಯದ ಪಟ್ಟದ ಪಂದ್ಯ. ಹಾಲಿ ಚಾಂಪಿಯನ್ ಮತ್ತು ನಾನು, ಒಟ್ಟು ನಾಲ್ಕು ಆಟ. ನಡೆಸಿದವರು ವಾಸ್ಕೋದ ಒಬ್ಬ ನಿವೃತ್ತ ಹಡಗಿನ ಎಂಜಿನಿಯರ್. ಅವರು ಜಪಾನಿನ ಬಂದರುಗಳಲ್ಲಿ ತಿಂಗಳುಗಟ್ಟಲೆ ಲಂಗರು ಹಾಕಿಕೊಂಡಿದ್ದಾಗ ಶೋಗಿಯ ಹುಚ್ಚು ಹತ್ತಿಸಿಕೊಂಡವರು. ಶೋಗಿ ಎಂದರೆ ಜಪಾನಿನವರ ಚದುರಂಗ. ಅಲ್ಲಿ ದೊಡ್ಡ ಪಟ್ಟದ ಆಟಗಳು ಎರಡು ದಿನ ನಡೆಯುತ್ತವಂತೆ. ಮೊದಲ ದಿನದ ಕೊನೆಗೆ ಸರದಿ ಯಾರದಿರುತ್ತದೋ ಅವರು ತಮ್ಮ ನಡೆಯನ್ನು ಹಲಗೆಯ ಮೇಲೆ ಆಡದೆ ಚೀಟಿಯಲ್ಲಿ ಬರೆದು ಲಕೋಟೆಯಲ್ಲಿ ಮುಚ್ಚಿಡುತ್ತಾರೆ, ಮರುದಿನ ಬೆಳಿಗ್ಗೆ ಅದನ್ನು ತೆರೆದು ಆಟ ಮುಂದುವರಿಸುತ್ತಾರೆ. ನಮ್ಮ ಚೆಸ್ಸಿನಲ್ಲೂ ಹಿಂದೆ ಈ ಪದ್ಧತಿ ಇತ್ತು, ರಾತ್ರಿಯೇ ಉತ್ತರ ಹೇಳಿಕೊಡುವ ಕಂಪ್ಯೂಟರ್ ಬಂದು ಅದನ್ನು ಕೊಂದಿತು. ಎಂಜಿನಿಯರ್ ಸಾಹೇಬರು ಕೊನೆಯ ಆಟವನ್ನು ಹಾಗೆಯೇ ಆಡಿಸಬೇಕೆಂದು ಹಟ ಹಿಡಿದರು. ಅದಕ್ಕಾಗಿಯೇ ನಮ್ಮಿಬ್ಬರ ಫೋನುಗಳು, ನಮ್ಮ ಜೊತೆಗಾರರ ಫೋನುಗಳು ಎಲ್ಲವೂ ತೀರ್ಪುಗಾರ್ತಿಯ ಬಟ್ಟೆಯ ಚೀಲ ಸೇರಿದವು.

ಮೂರು ಆಟ ಮುಗಿದಾಗ ಇಬ್ಬರೂ ಸಮ. ನಾಲ್ಕನೆಯದು ಗೆದ್ದವರಿಗೆ ಪಟ್ಟ. ಡ್ರಾ ಆದರೆ ಅದೇ ಮಧ್ಯಾಹ್ನ ಹದಿನೈದು ನಿಮಿಷದ ವೇಗದ ಆಟಗಳು. ಹಿಂದೆ ಎರಡು ಸಲ ಈ ಚಾಂಪಿಯನ್ನರ ಜೊತೆ ನಾನು ವೇಗದ ಆಟದವರೆಗೆ ಹೋಗಿದ್ದೇನೆ, ಎರಡು ಸಲವೂ ಅವಸರಪಟ್ಟು ಮಣ್ಣು ಮುಕ್ಕಿದ್ದೇನೆ. ಅವರು ಕಾರವಾರದವರು, ಬಂದರಿನ ಕಚೇರಿಯಲ್ಲಿ ನೌಕರಿ, ತಣ್ಣನೆಯ ಮನುಷ್ಯ. ಬೋರ್ಡಿನ ಎದುರು ಕೂತರೆಂದರೆ ಕಣ್ಣೆವೆ ಬಿಟ್ಟು ಬೇರೇನೂ ಅಲ್ಲಾಡುವುದಿಲ್ಲ. ಅದನ್ನು ನೋಡಿಯೇ ನನಗೆ ಅರ್ಧ ಸಿಟ್ಟು ಬರುತ್ತದೆ.

ಈ ಸಲ ಸೋತರೆ ಆಡುವುದನ್ನು ಬಿಡಬೇಕು ಎಂದು ಮನೆಯಲ್ಲಿ ಮಾತಾಗಿತ್ತು. ವಾಸ್ಕೋದ ಒಂದು ಶಾಲೆಯವರು ಪೂರ್ತಿ ಹೊತ್ತಿನ ಚೆಸ್ ಟೀಚರ್ ಕೆಲಸಕ್ಕೆ ಕರೆದಿದ್ದರು. ಶನಿವಾರ ಭಾನುವಾರವೆಲ್ಲ ಮಕ್ಕಳನ್ನು ಸ್ಪರ್ಧೆಗೆ ಕರೆದೊಯ್ಯಬೇಕು, ಅಂದರೆ ನನ್ನ ಸ್ವಂತ ಆಟ ಅಲ್ಲಿಗೆ ಬಂದ್. ಸೋಮವಾರದೊಳಗೆ ಉತ್ತರ ಹೇಳಬೇಕಿತ್ತು. ನನ್ನ ಗಂಡ ವೆರ್ಣಾದ ಕಾರ್ಖಾನೆಗೆ ಹೊರಟವನು ಕಂಪನಿ ಬಸ್ಸು ಹತ್ತುವ ಮೊದಲು ಹೇಳಿದ್ದ: "ನೋಡ, ಗೆದ್ದಿ ಅಂದ್ರ ನಾನ ರಜಾ ಹಾಕಿ ನ್ಯಾಶನಲ್‌ಗೆ ಕರಕೊಂಡು ಹೋಗ್ತೀನಿ. ಸೋತಿ ಅಂದ್ರ ಸಾಕು ಮಾಡು. ಪ್ರತಿ ಸಲ ಸೋತು ಬಂದು ಎಂಟು ದಿನ ಯಾರ ಜೋಡಿನೂ ಮಾತಾಡೂದಿಲ್ಲ ನೀ. ನನಗ ನೋಡಾಕ ಆಗೂದಿಲ್ಲ." ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಾನೂ ಹೂಂ ಎಂದಿದ್ದೆ.

ನಾಲ್ಕನೆಯ ಆಟ ಮೊದಲ ದಿನ ಬೆಳಿಗ್ಗೆ ಹತ್ತು ಗಂಟೆಗೆ ಶುರುವಾಯಿತು. ಪ್ರವಾಸಿಗರ ಸೀಸನ್ ಮುಗಿದಿತ್ತು. ಹೋಟೆಲಿನ ಈಜುಕೊಳದಲ್ಲಿ ನೀರಿರಲಿಲ್ಲ, ಮೂವರು ಅದರೊಳಗೆ ಇಳಿದು ನೀಲಿ ಬಣ್ಣ ಬಳಿಯುತ್ತಿದ್ದರು. ನನ್ನದು ಬಿಳಿ ಕಾಯಿ. ಎಂದಿನಂತೆ ರಾಜನ ಮುಂದಿನ ಕಾಲಾಳನ್ನು ನೂಕಿ ಮುನ್ನುಗ್ಗುತ್ತೇನೆ ಎಂದು ಅವರು ತಯಾರಾಗಿ ಬಂದಿರುತ್ತಾರೆ ಎಂದು ಗೊತ್ತಿತ್ತು, ಹಾಗಾಗಿ ಮಂತ್ರಿಯ ಮುಂದಿನದನ್ನು ನೂಕಿದೆ. ನಿಧಾನದ ಆಟ ಅದು. ಕಾಯಿಗಳನ್ನು ಒಂದೊಂದಾಗಿ ಒಳ್ಳೆಯ ಮನೆಗೆ ತರುವುದು, ಕಾಯುವುದು, ಮತ್ತೆ ಕಾಯುವುದು. ಹದಿನೈದು ನಡೆ ಹೇಗೋ ತಡೆದುಕೊಂಡೆ. ಹದಿನೆಂಟನೆಯದಕ್ಕೆ ತಾಳ್ಮೆ ತಪ್ಪಿತು. ಬೇಡದ ಒಂದು ಅದಲು ಬದಲಿಗೆ ಒಪ್ಪಿ ನನ್ನ ಚಲೋ ಒಂಟೆಯನ್ನು ಕಳೆದುಕೊಂಡೆ, ಅದರಿಂದ ಎಡತುದಿಯಲ್ಲಿ ಅವರ ಒಂದು ಕಾಲಾಳಿಗೆ ದಾರಿ ಬಿಟ್ಟುಕೊಟ್ಟೆ. ಅದು ಒಂದೊಂದೇ ಮನೆ ದಾಟಿ ನನ್ನ ಕೊನೆಯ ಸಾಲಿಗೆ ಎರಡೇ ಹೆಜ್ಜೆ ಉಳಿಸಿಕೊಂಡು ನಿಂತಿತು. ಕೊನೆ ಮುಟ್ಟಿದರೆ ಅದು ಹೊಸ ಮಂತ್ರಿಯಾಗುತ್ತದೆ.

ಆದರೆ ಅದನ್ನು ಅಲ್ಲಿಯವರೆಗೆ ತರುವುದರಲ್ಲಿ ಅವರ ಕಾಯಿಗಳೂ ಎಡಕ್ಕೆ ವಾಲಿದ್ದವು, ಬಲಗಡೆಯಲ್ಲಿ ಅವರ ರಾಜನ ಸುತ್ತ ಬರೀ ಕಾಲಾಳುಗಳಷ್ಟೇ ಉಳಿದಿದ್ದವು. ನನ್ನ ಮಂತ್ರಿ ಆ ಕಡೆ ಸರಿಯಿತು. ಅವರಿಗೆ ದಿಗಿಲಾಗಿ ತಮ್ಮ ಒಂಟೆಯನ್ನು ರಾಜನ ಕಾವಲಿಗೆ ಕರೆಸಿಕೊಂಡರು. ಹಾಗೆ ಕರೆಸಿಕೊಂಡಿದ್ದರಿಂದ ಎಡತುದಿಯ ಕಾಲಾಳಿಗೆ ಆಸರೆ ತಪ್ಪಿತು. ನನ್ನ ಆನೆ ಮೂರನೆಯ ಸಾಲಿನಲ್ಲಿತ್ತು. ಎಡಕ್ಕೆ ಸರಿದರೆ ಆ ಕಾಲಾಳು ಪುಕ್ಕಟೆ ಸಿಗುತ್ತದೆ, ಬಲಕ್ಕೆ ಸರಿದರೆ ಅವರ ರಾಜನ ಎದುರಿನ ಸಾಲು. ಆಗ ಗಂಟೆ ಮೂರು. ತೀರ್ಪುಗಾರ್ತಿ ಎದ್ದು ಬಂದು ಕೊಂಕಣಿಯಲ್ಲಿ ಮೆಲ್ಲಗೆ ಹೇಳಿದರು, ಸರದಿ ನನ್ನದು, ನಡೆಯನ್ನು ಬರೆದು ಮುಚ್ಚಬೇಕು.

ಮುಚ್ಚುವುದಕ್ಕೂ ಒಂದು ಕ್ರಮವಿದೆ. ಬರೆಯುವ ತನಕ ನನ್ನ ಗಡಿಯಾರ ಓಡುತ್ತಲೇ ಇರುತ್ತದೆ. ನಡೆಗಳನ್ನು ಬರೆದಿಡುವ ನನ್ನ ಹಾಳೆಯನ್ನೂ ಎದುರಾಳಿಯ ಹಾಳೆಯನ್ನೂ ಲಕೋಟೆಗೆ ಹಾಕಿ ಅಂಟಿಸಿದ ಮೇಲೆಯೇ ಗಡಿಯಾರ ನಿಲ್ಲಿಸಬೇಕು. ಲಕೋಟೆಯ ಮೇಲೆ ಕಾಯಿಗಳು ನಿಂತ ಚಿತ್ರ, ಇಬ್ಬರಿಗೂ ಉಳಿದ ಸಮಯ, ಅಂಟಿನ ಗೆರೆಯ ಮೇಲೆ ಅಡ್ಡಡ್ಡ ಇಬ್ಬರ ಸಹಿ. ಬರೆದ ಮೇಲೆ ಬದಲಿಸುವಂತಿಲ್ಲ. ನನಗೆ ಐವತ್ತು ನಿಮಿಷ ಉಳಿದಿತ್ತು, ಬೇಕಾದರೆ ಅರ್ಧ ಗಂಟೆ ಕೂತು ಯೋಚಿಸಬಹುದಿತ್ತು. ಚಾಂಪಿಯನ್ ಸಭ್ಯರಂತೆ ಎದ್ದು ದೂರ ಹೋಗಿ ನಿಂತರು. ನಾನು ಪೆನ್ನು ಹಿಡಿದುಕೊಂಡು ಕೂತೆ. ಕಾಲಾಳನ್ನು ಹೊಡೆದರೆ ನಾಳೆ ಗಡಿಯಾರ ಮುಗಿಯುವ ತನಕ ಜಗ್ಗಾಟ, ಒಂದು ಕಾಲಾಳಿನ ಹೆಚ್ಚುಗಾರಿಕೆಯನ್ನು ಎಳೆದೆಳೆದು ಗೆಲ್ಲಬೇಕು, ಅದೂ ಆ ತಣ್ಣನೆಯ ಮನುಷ್ಯನ ಎದುರು. ನೆನೆಸಿಕೊಂಡೇ ಮೈ ಪರಚಿಕೊಳ್ಳುವಂತಾಯಿತು. ಐದೇ ನಿಮಿಷಕ್ಕೆ ನಾನು ಬರೆದದ್ದು ಬೇರೆ ನಡೆ. ಬಲಗಡೆಯಿಂದ ಎರಡನೆಯ ಕಾಲಾಳನ್ನು ಅವರ ರಾಜನ ಕೋಟೆಯ ಮೇಲೆ ನೂಕಿದೆ, ಸುಮ್ಮನೆ ಬಲಿ ಕೊಟ್ಟೆ.

ನನ್ನ ಜೊತೆಗಾರರಾಗಿ ಬಂದವರು ಬ್ಯಾಂಕಿನಿಂದ ನಿವೃತ್ತರಾದ ಬೆಳಗಾವಿಯ ಕಾಕಾ. ವಾಸ್ಕೋಗೆ ಬಂದ ಹೊಸದರಲ್ಲಿ ನನ್ನನ್ನು ಮೊದಲು ಸೋಲಿಸಿದವರೂ ಅವರೇ. ಹೋಟೆಲಿನ ಎದುರಿಗೆ ವಿಜಯಪುರ ಕಡೆಯ ಹೆಣ್ಣುಮಗಳೊಬ್ಬಳ ಚಹಾದ ಗಾಡಿ ಇತ್ತು, ಅಲ್ಲಿಗೆ ಹೋಗಿ ನಿಂತೆವು.

"ಕಾಲಾಳು ಹೊಡದಿ, ಹೌದಿಲ್ಲೋ?" ಎಂದರು ಕಾಕಾ, ಚಹಾ ಊದುತ್ತ.

"ಇಲ್ರಿ ಕಾಕಾ. ಬಲಗಡಿ ಕಾಲಾಳು ನೂಕೇನಿ."

ಊದುವುದನ್ನು ನಿಲ್ಲಿಸಿದರು. "ಯಾಕ ತಂಗಿ? ಪುಕ್ಕಟೆ ಬಂದದ್ದನ್ನ ಬಿಟ್ಟು?"

"ಕೂಡಾಕ ಆಗ್ಲಿಲ್ರಿ."

"ಕೂಡಾಕ ಆಗ್ಲಿಲ್ಲಂದ್ರ ಎದ್ದು ಅಡ್ಡಾಡಿ ಬರಬೇಕಿತ್ತು. ಲಕೋಟಿಯೊಳಗ ಹಾಕೋ ನಡಿ ಸಪ್ಪಗಿರಬೇಕವಾ. ಎದುರಿನಾಂವ ನೆನಸಿದ್ದನ್ನ ನೀನೂ ಬರದ್ರ, ಸಂಜಿ ಪೂರಾ ಕೂತು ಮುಂದಿಂದು ಹುಡುಕಬಹುದಿತ್ತು. ಈಗ ನೀ ಒಳಗ ಏನ್ ಇಟ್ಟೀಯೋ, ಅದರೊಳಗ ತೂತು ಇದ್ರ ಮುಚ್ಚಾಕೂ ಬರೂದಿಲ್ಲ."

ಚಹಾದವಳು ನಮ್ಮ ಮುಖ ನೋಡಿ, "ಯಾರು ಗೆಲ್ಲಾಕತ್ತಾರ್ರಿ?" ಎಂದು ಕೇಳಿದಳು. ಕಾಕಾ ಖಾಲಿ ಕಪ್ಪನ್ನು ಗಾಡಿಯ ಮೇಲಿಟ್ಟರು. ಅವಳು ಕೇಳದೆಯೇ ಇನ್ನೊಂದು ಕಪ್ ಸುರಿದಳು.

ಸಂಜೆಯವರೆಗೆ ಕಾಕಾನ ಕೋಣೆಯಲ್ಲಿ ಬೋರ್ಡು ಹರವಿಕೊಂಡು ಕೂತೆವು. ನಿಜ ಹೇಳಬೇಕೆಂದರೆ ಅವರು ಕೂತರು, ನಾನು ಬಾಗಿಲಿನಿಂದ ಬಾತ್‌ರೂಮಿನವರೆಗೆ ತಿರುಗಾಡಿದೆ. ನೋಡುತ್ತ ಹೋದಂತೆ ನನ್ನ ನಡೆ ಚೆನ್ನಾಗಿಯೇ ಕಾಣತೊಡಗಿತು. ಅವರು ನನ್ನ ಬಲಿಯನ್ನು ಹೊಡೆದರೆ ಸಾಲು ತೆರೆಯುತ್ತದೆ, ನನ್ನ ಆನೆ ಬಲತುದಿಗೆ ಸರಿಯುತ್ತದೆ, ಮಂತ್ರಿ ಜೊತೆಗೂಡುತ್ತದೆ. ಅದನ್ನು ಹೊಡೆಯದೆ ಎಡಗಡೆಯ ಕಾಲಾಳನ್ನು ಓಡಿಸಿದರೆ ಅವರ ಕೋಟೆಯ ಬಾಗಿಲನ್ನೇ ನಾನು ಮುರಿಯುತ್ತೇನೆ. ರಾಜ ಮೂಲೆಗೆ ಸರಿದರೂ ಅದೇ ಗತಿ. ಏಳು ಗಂಟೆಯ ಹೊತ್ತಿಗೆ ಕಾಕಾನ ಮುಖ ಸಡಿಲವಾಯಿತು. "ದೇವರು ಅವಸರದವರನ್ನೂ ಒಮ್ಮೊಮ್ಮೆ ಕಾಯ್ತಾನ ನೋಡ" ಎಂದು ನಕ್ಕರು. ನಾನು ಹೊಟ್ಟೆ ತುಂಬ ಉಂಡು ಮಲಗಿದೆ.

ಬೆಳಿಗ್ಗೆ ಹಲ್ಲುಜ್ಜುವಾಗ ತೂತು ಕಂಡಿತು. ಬಾಯಿ ತುಂಬ ನೊರೆ, ಕಣ್ಣು ಕನ್ನಡಿಯ ಮೇಲೆ, ತಲೆಯಲ್ಲಿ ಬೋರ್ಡು. ಅವರು ಏನನ್ನೂ ಹೊಡೆಯದೆ, ಏನನ್ನೂ ನೂಕದೆ, ರಾಜನನ್ನು ನಡುವಿನ ಕಡೆಗೆ ಒಂದೇ ಒಂದು ಮನೆ ಸರಿಸಿದರೆ? ಅಷ್ಟೇ. ರಾಜ ಕೋಟೆಯಿಂದ ಹೊರಗೆ. ನಾನು ಬಾಗಿಲು ಮುರಿದು ಒಳಗೆ ಹೋದರೆ ಅಲ್ಲಿ ಯಾರೂ ಇರುವುದಿಲ್ಲ, ಅಷ್ಟರಲ್ಲಿ ಎಡತುದಿಯ ಕಾಲಾಳು ಮಂತ್ರಿಯಾಗಿರುತ್ತದೆ. ಬ್ರಶ್ ಹಿಡಿದುಕೊಂಡೇ ಕಾಕಾನ ಬಾಗಿಲು ಬಡಿದೆ. ಅವರು ಬನಿಯನ್ನಿನಲ್ಲೇ ಬೋರ್ಡಿನ ಮುಂದೆ ಕೂತು ಆ ನಡೆ ಆಡಿ ನೋಡಿದರು, ಕಾಯಿ ಹಿಂದಿಟ್ಟು ಮತ್ತೆ ಆಡಿ ನೋಡಿದರು.

"ಇದಕ್ಕ ಉತ್ತರ ಇಲ್ಲ ತಂಗಿ."

"ಇರಬೇಕ್ರಿ. ಹುಡುಕ್ರಿ."

ನಾಷ್ಟಾದ ಹೊತ್ತಿನಲ್ಲೂ ಹುಡುಕಿದೆವು. ಆನೆಯನ್ನು ವಾಪಸು ಎಡಕ್ಕೆ ತಂದರೆ ತಡವಾಗುತ್ತದೆ. ಮಂತ್ರಿಯಿಂದ ಚೆಕ್ ಕೊಟ್ಟರೆ ರಾಜ ಇನ್ನೂ ದೂರ ಹೋಗುತ್ತಾನೆ. ಇಡ್ಲಿ ತಣ್ಣಗಾಯಿತು. ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು, ಬೇರೆ ಯಾರ ಮೇಲೂ ಅಲ್ಲ. ನಿನ್ನೆ ಅರ್ಧ ಗಂಟೆ ಕುಂಡೆಯೂರಿ ಕೂತಿದ್ದರೆ ಈ ಗತಿ ಬರುತ್ತಿರಲಿಲ್ಲ. ಸೋಮವಾರ ಶಾಲೆಗೆ ಹೇಳಬೇಕಾದ ಮಾತನ್ನು ಮನಸ್ಸು ಆಗಲೇ ಜೋಡಿಸುತ್ತಿತ್ತು.

ಹತ್ತಕ್ಕೆ ಐದು ನಿಮಿಷವಿತ್ತು. ತೀರ್ಪುಗಾರ್ತಿ ಲಾಕರಿನಿಂದ ಲಕೋಟೆ ತಂದು, ಅದರ ಮೇಲಿನ ಚಿತ್ರ ನೋಡಿ ಕಾಯಿ ಜೋಡಿಸಿ, ನಮ್ಮಿಬ್ಬರಿಗೂ ಸಹಿ ತೋರಿಸಿದರು. ಕತ್ತರಿ ಕೈಗೆತ್ತಿಕೊಂಡರು. ಆಗ ಚಾಂಪಿಯನ್ ಗಂಟಲು ಸರಿಮಾಡಿಕೊಂಡರು. ನಾನು ಅವರನ್ನು ಆ ಸ್ಥಿತಿಯಲ್ಲಿ ನೋಡಿರಲಿಲ್ಲ. ಕಣ್ಣು ಕೆಂಪಾಗಿತ್ತು, ಅಂಗಿಯ ಒಂದು ಗುಂಡಿ ತಪ್ಪಿ ಹಾಕಿಕೊಂಡಿದ್ದರು.

"ಮೇಡಂ, ಒಂದು ನಿಮಿಷ. ಡ್ರಾ ಮಾಡುವಾ?"

ಲಕೋಟೆ ತೆರೆಯುವ ಮೊದಲು ಒಪ್ಪಿದರೆ ಆಟ ಅಲ್ಲಿಗೇ ಮುಗಿಯುತ್ತದೆ, ನಿಯಮದಲ್ಲಿ ಅವಕಾಶವಿದೆ. ನನಗೆ ತಕ್ಷಣ ತಿಳಿಯಿತು. ನಾನು ಕಾಲಾಳನ್ನು ಹೊಡೆದಿದ್ದೇನೆ ಎಂದೇ ಅವರು ಲೆಕ್ಕ ಹಾಕಿದ್ದಾರೆ, ಸಂಜೆಯೆಲ್ಲ ಆ ದಾರಿಯನ್ನು ನೋಡಿ ಕಷ್ಟವಿದೆ ಎಂದು ಹೆದರಿದ್ದಾರೆ. ನೋಡುವವರಿಗೆಂದು ಕಟ್ಟಿದ್ದ ಹಗ್ಗದಾಚೆ ನಿಂತಿದ್ದ ಕಾಕಾ ಮೆಲ್ಲಗೆ ತಲೆಯಾಡಿಸಿದರು. ತಗೋ, ಬದುಕಿಕೋ ಎಂಬಂತೆ. ಸೋಲುವ ಆಟದಿಂದ ಯಾರೋ ಕೈಹಿಡಿದು ಎತ್ತುತ್ತಿರುವಾಗ ಬೇಡ ಎನ್ನಲು ಹುಚ್ಚು ಹಿಡಿದಿರಬೇಕು.

ಆದರೆ ಎತ್ತಿ ಎಲ್ಲಿಗೆ ಒಯ್ಯುತ್ತಾರೆ? ಮಧ್ಯಾಹ್ನ ಮೂರಕ್ಕೆ ವೇಗದ ಆಟ. ಅಲ್ಲಿ ನಾನು ಏನು ಮಾಡುತ್ತೇನೆ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಎರಡು ಸಲ ನೋಡಿಯಾಗಿದೆ. ಇಲ್ಲಿ ಅವರು ಒಂದು ನಡೆ ಹುಡುಕಬೇಕು, ಒಂದೇ ಒಂದು. ಅಲ್ಲಿ ಅವರು ಏನನ್ನೂ ಹುಡುಕಬೇಕಿಲ್ಲ, ನಾನೇ ಕೊಟ್ಟುಬಿಡುತ್ತೇನೆ. ಇನ್ನೊಂದು ಮಾತೂ ಹೊಳೆಯಿತು. ನಿನ್ನೆ ಕಾಯಲಾರದೆ ಆ ನಡೆ ಬರೆದೆ. ಈಗ ಡ್ರಾ ಎಂದರೂ ಅದು ಕಾಯಲಾರದೆಯೇ. ಮಾತು ತಣ್ಣಗೆ ಬಂತು.

"ಬ್ಯಾಡ್ರಿ ಸರ್. ಆಡೂಣು. ಲಕೋಟಿ ತಗೀರಿ."

ಕಾಕಾ ಮುಖ ತಿರುಗಿಸಿದರು. ಕತ್ತರಿ ಆಡಿತು. ತೀರ್ಪುಗಾರ್ತಿ ಹಾಳೆ ಬಿಡಿಸಿ ಓದಿ, ಒಮ್ಮೆ ನನ್ನ ಕಡೆ ನೋಡಿ, ನನ್ನ ಕಾಲಾಳನ್ನು ಒಂದು ಮನೆ ಮುಂದಿಟ್ಟು ಅವರ ಗಡಿಯಾರ ಚಾಲೂ ಮಾಡಿದರು. ಚಾಂಪಿಯನ್ ಮುಂದಕ್ಕೆ ಬಾಗಿದರು. ಅವರ ಬಳಿ ಐವತ್ತೆರಡು ನಿಮಿಷವಿತ್ತು.

ನನಗೆ ಏಳಬೇಕೆನಿಸಿತು. ಎದ್ದರೆ ನನ್ನ ಮುಖ, ನನ್ನ ಹೆಜ್ಜೆ ಏನನ್ನಾದರೂ ಹೇಳಿಬಿಡಬಹುದು ಎಂದು ಭಯ. ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಕೂತೆ. ಹತ್ತು ನಿಮಿಷ. ಹೊರಗೆ ಬಣ್ಣದವರು ಏಣಿ ಎಳೆಯುತ್ತಿದ್ದ ಸದ್ದು. ಇಪ್ಪತ್ತು ನಿಮಿಷ. ಆ ರಾಜನನ್ನು ನೋಡಬಾರದು ಎಂದು ಎಡಗಡೆಯ ಕಾಲಾಳನ್ನೇ ದಿಟ್ಟಿಸಿದೆ. ಆ ಕಡೆಯೇ ನೋಡುತ್ತಿದ್ದರೆ ಅನುಮಾನ ಬಂದೀತೆಂದು ಮತ್ತೆ ನಡುವಿಗೆ ಬಂದೆ. ಮೂವತ್ತನೆಯ ನಿಮಿಷಕ್ಕೆ ಅವರ ಕೈ ಮೇಲೆದ್ದು ರಾಜನ ತಲೆಯ ಮೇಲೆ ಬಂದು ನಿಂತಿತು. ಮುಟ್ಟಿದರೆ ಅದನ್ನೇ ಆಡಬೇಕು, ಅದು ನಿಯಮ. ಮುಟ್ಟಲಿಲ್ಲ. ಅವರು ಕಣ್ಣೆತ್ತಿ ನನ್ನನ್ನು ನೋಡಿದರು, ನಾನೂ ನೋಡಿದೆ. ಕೈ ಹಿಂದೆ ಹೋಯಿತು, ಕನ್ನಡಕ ತೆಗೆದು ಒರೆಸಿತು. ಇನ್ನೂ ಎಂಟು ನಿಮಿಷ ಕಳೆದ ಮೇಲೆ ಅವರು ನನ್ನ ಬಲಿಯ ಕಾಲಾಳನ್ನು ಹೊಡೆದರು.

ಉಸಿರು ಬಿಟ್ಟದ್ದು ಕೇಳಿಸಬಾರದೆಂದು ಕೆಮ್ಮಿದೆ. ಆನೆಯನ್ನು ಬಲತುದಿಗೆ ಸರಿಸಿದೆ. ಅವರು ರಾಜನಿಗೆ ಉಸಿರಾಡಲು ಒಂದು ಕಿಂಡಿ ತೆರೆದರು, ನಾನು ಮಂತ್ರಿಯನ್ನು ಹತ್ತಿರ ತಂದೆ, ಅವರು ಎಡಗಡೆಯ ಕಾಲಾಳನ್ನು ಇನ್ನೊಂದು ಮನೆ ದಾಟಿಸಿದರು. ಇಲ್ಲಿ ಮತ್ತೊಂದು ಕುಣಿಕೆ ಇತ್ತು. ನನ್ನ ಮಂತ್ರಿಗೆ ಒಳಗೆ ನುಗ್ಗಲು ಎರಡು ದಾರಿ, ಎರಡೂ ಒಂದೇ ಥರ ಕಾಣುತ್ತಿದ್ದವು. ನಿನ್ನೆ ಕಾಕಾನ ಕೋಣೆಯಲ್ಲಿ ತಿರುಗಾಡುತ್ತ ನಾನು ಹತ್ತಿರದ ದಾರಿಯನ್ನೇ ಸರಿ ಎಂದಿದ್ದೆ. ಕೈ ಹೊರಟೂ ಆಗಿತ್ತು. ತಡೆದೆ. ನನಗೆ ಉಳಿದದ್ದು ನಲವತ್ತೈದು ನಿಮಿಷ, ಅದರಲ್ಲಿ ಇಪ್ಪತ್ತನ್ನು ಆ ಒಂದೇ ನಡೆಗೆ ಕೊಟ್ಟೆ. ಹತ್ತಿರದ ದಾರಿಯಲ್ಲಿ ಹೋಗಿದ್ದರೆ ಅವರ ಮಂತ್ರಿ ನನ್ನ ರಾಜನಿಗೆ ಒಂದರ ಮೇಲೊಂದು ಚೆಕ್ ಕೊಡುತ್ತ, ಮುಗಿಯದ ಹಾಗೆ ಮಾಡಿ, ಡ್ರಾಕ್ಕೆ ಎಳೆಯುತ್ತಿತ್ತು. ಸುತ್ತಿನ ದಾರಿಯಲ್ಲಿ ನನ್ನ ಮಂತ್ರಿ ಆ ಚೆಕ್ಕಿನ ಮನೆಯನ್ನೂ ಕಾಯುತ್ತಿತ್ತು. ಸುತ್ತಿನ ದಾರಿಯನ್ನೇ ಹಿಡಿದೆ.

ಅವರ ಕಾಲಾಳು ಕೊನೆ ಮುಟ್ಟಿ ಮಂತ್ರಿಯಾಯಿತು. ಈಗ ಅವರಿಗೆ ಇಬ್ಬರು ಮಂತ್ರಿಗಳು, ಹೊಸದು ದೂರದ ಎಡಮೂಲೆಯಲ್ಲಿ. ಇತ್ತ ನಾನು ಚೆಕ್ ಕೊಟ್ಟೆ, ಮುಂದಿನ ಚೆಕ್ಕಿಗೆ ಅವರ ರಾಜನಿಗೆ ಹೋಗಲು ಒಂದು ಮನೆಯೂ ಇರಲಿಲ್ಲ. ಅವರು ಎರಡು ನಿಮಿಷ ನೋಡಿದರು, ಗಡಿಯಾರ ನಿಲ್ಲಿಸಿ ಕೈ ಚಾಚಿದರು. ಕಾಕಾ ಹಗ್ಗ ದಾಟಿ ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಫೋನು ವಾಪಸು ಸಿಕ್ಕ ಕೂಡಲೇ ಗಂಡನಿಗೆ ಹೇಳಿದೆ. ಅವನು ಶಿಫ್ಟಿನಲ್ಲಿದ್ದ, ಯಂತ್ರದ ಸದ್ದಿನಲ್ಲಿ ಕೇಳಿಸಲಿಲ್ಲ, ಇನ್ನೊಮ್ಮೆ ಕೂಗಿ ಹೇಳಬೇಕಾಯಿತು. "ರಜಾ ಚೀಟಿ ಬರೀತೀನಿ ತಡಿ" ಎಂದ. ಆಗ ಅಳು ಬಂತು, ಅತ್ತುಬಿಟ್ಟೆ.

ಮುಖ ತೊಳೆದು ಬಂದಾಗ ಚಾಂಪಿಯನ್, ಅಂದರೆ ಮಾಜಿ ಚಾಂಪಿಯನ್, ಇನ್ನೂ ಬೋರ್ಡಿನ ಮುಂದೆ ಕೂತಿದ್ದರು. ಆಟ ಮುಗಿದ ಮೇಲೆ ಇಬ್ಬರೂ ಕೂತು ಹಿಂದಿನ ನಡೆಗಳನ್ನು ಮತ್ತೆ ಆಡಿ ನೋಡುವುದು ನಮ್ಮಲ್ಲಿ ರೂಢಿ. ಅವರು ಲಕೋಟೆ ತೆರೆದ ಹೊತ್ತಿನ ಸ್ಥಿತಿಗೆ ಕಾಯಿಗಳನ್ನು ಜೋಡಿಸಿದ್ದರು. ನಾನು ಎದುರಿಗೆ ಕೂತೆ. ಅವರು ತಮ್ಮ ರಾಜನನ್ನು ಎತ್ತಿ ನಡುವಿನ ಕಡೆಗೆ ಒಂದು ಮನೆ ಸರಿಸಿಟ್ಟರು.

"ಇದು ನನಗೆ ಹತ್ತೇ ನಿಮಿಷಕ್ಕೆ ಕಂಡಿತ್ತು ಮೇಡಂ" ಎಂದರು. "ಆಡಬೇಕು ಅಂತ ಕೈಯೂ ಎತ್ತಿದ್ದೆ. ಆದ್ರೆ ನೀವು ಡ್ರಾ ಬೇಡ ಅಂದ್ರಲ್ಲ. ಇದನ್ನು ನಿನ್ನೆಯೇ ನೋಡಿಟ್ಟಿದ್ದೀರಿ, ಇದಕ್ಕೆ ಏನೋ ಭಯಂಕರ ಉತ್ತರ ಇಟ್ಟುಕೊಂಡೇ ಬೇಡ ಅಂದಿದ್ದೀರಿ ಅಂತ ಅಂದುಕೊಂಡೆ. ಇಪ್ಪತ್ತು ನಿಮಿಷ ಆ ಉತ್ತರವನ್ನೇ ಹುಡುಕಿದೆ, ನನಗೆ ಸಿಗಲಿಲ್ಲ. ಈಗಾದರೂ ತೋರಿಸಿ, ಏನಿತ್ತು?"

ಅವರು ಖರೇ ಕಲಿಯಲೆಂದೇ ಕೇಳುತ್ತಿದ್ದರು. ನಾನು ಆ ರಾಜನನ್ನು ನೋಡಿದೆ. ಸುಳ್ಳು ಹೇಳುವುದು ಸುಲಭವಿತ್ತು, ಯಾವುದಾದರೂ ಒಂದು ಕಾಯಿ ಎತ್ತಿ ಇಟ್ಟಿದ್ದರೂ ಅವರು ನಂಬುತ್ತಿದ್ದರು.

"ಏನೂ ಇರಲಿಲ್ರಿ ಸರ್."